ಟೈರೇಡ್ ಬೇರೆ, ತರಾಟೆ ಬೇರೆ

“ಕೆಡಿಪಿ ಸಭೆಯಲ್ಲಿ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡ ಸಚಿವರು.” ಈ ಥರದ ಶೀರ್ಷಿಕೆ ಓದದ ಕನ್ನಡಿಗರಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಹಲವರ ಕೈ ಟೈರೇಡ್ ಎಂಬ ಪದದ ಕಡೆಗೆ ಹೋಗುತ್ತದೆ. ಸದ್ದು ಹತ್ತಿರ, ಅರ್ಥವೂ ಹತ್ತಿರವೇ ಇದ್ದಂತೆ ಕಾಣುತ್ತದೆ. ನಿಘಂಟು ತೆಗೆದರೂ ಬೈಗುಳ, ನಿಂದೆ, ಖಂಡನೆ ಎಂಬ ಮೂರು ಪದಗಳ ಸುತ್ತಲೇ ಅರ್ಥ ಗಿರಕಿ ಹೊಡೆಯುತ್ತದೆ. ಸರಿ, ಬರೆದಾಯಿತು. ಆ ಇಂಗ್ಲಿಷ್ ವಾಕ್ಯ ಓದಿದವರಿಗೆ ಮಾತ್ರ ಸಭೆಯ ಚಿತ್ರ ತಲೆಕೆಳಗಾಗಿ ಕಾಣುತ್ತದೆ: ತಪ್ಪಿತಸ್ಥರು ಅಧಿಕಾರಿಗಳಲ್ಲ, ಸಚಿವರು!

ಟೈರೇಡ್ ಎಂದು ಕರೆದ ಕೂಡಲೇ ಮಾತನಾಡಿದವನ ಮೇಲೆ ತೀರ್ಪು ಬಿದ್ದಾಗಿರುತ್ತದೆ. ಮಾತು ಅತಿ ಉದ್ದವಾಯಿತು, ಸಿಟ್ಟು ಹದ ಮೀರಿತು, ಹೇಳಬಾರದ್ದನ್ನೂ ಹೇಳಿದ ಎಂಬ ಮೂರು ದೂರುಗಳು ಆ ಒಂದು ಪದದಲ್ಲಿವೆ. ತರಾಟೆಯ ಒಲವು ಇನ್ನೊಂದು ಕಡೆಗೆ. ಎದುರಿಗಿರುವವನು ಏನೋ ಎಡವಟ್ಟು ಮಾಡಿದ್ದಾನೆ, ಕೇಳುವ ಹಕ್ಕು ಕೇಳಿದವರಿಗಿದೆ ಎಂದು ಪದವೇ ಒಪ್ಪಿಕೊಂಡಿರುತ್ತದೆ. ಹಾಗಾಗಿ ಇಂಗ್ಲಿಷಿನ ಬೈಗುಳದ ಪದಗಳ ಮುಂದೆ ನಿಂತಾಗ ‘ಇದರ ಅರ್ಥವೇನು’ ಎಂದು ಕೇಳುವ ಮೊದಲು ‘ಇದು ಯಾರ ಪರ’ ಎಂದು ಕೇಳಬೇಕು. ಬೈದವನ ಪರವೋ, ಬೈಸಿಕೊಂಡವನ ಪರವೋ? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಈ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ನಮ್ಮ ಕ್ರಿಯಾಪದಗಳು ಇದನ್ನು ಬಾಲದಲ್ಲೇ ಕಟ್ಟಿಕೊಂಡಿವೆ. ಕೂಗಾಡಿದರು, ರೇಗಾಡಿದರು, ಎಗರಾಡಿದರು, ಅರಚಾಡಿದರು, ಹಾರಾಡಿದರು. ಈ ‘ಆಡು’ ಎಲ್ಲಿ ಬಂತೋ ಅಲ್ಲಿ ಕಣ್ಣು ಬೈದವನ ಮೇಲೆ: ಅವನೇ ನೆಲ ಬಿಟ್ಟು ಕುಣಿಯುತ್ತಿದ್ದಾನೆ. ಈಗ ಇನ್ನೊಂದು ಸಾಲು ನೋಡಿ. ನೀರಿಳಿಸಿದರು, ಬೆವರಿಳಿಸಿದರು, ಚಳಿ ಬಿಡಿಸಿದರು, ಗ್ರಹಚಾರ ಬಿಡಿಸಿದರು, ಜಾಡಿಸಿದರು. ಈ ‘ಇಸು’ ಬಂದ ಕಡೆ ಕಣ್ಣು ಬೈಸಿಕೊಂಡವನ ಮೇಲೆ: ಅವನಿಗೆ ಏನೋ ಆಗಬೇಕಿತ್ತು, ಆಯಿತು. ದಬಾಯಿಸು ಎಂಬುದು ಇಲ್ಲಿ ಅಪವಾದ, ಅದರಲ್ಲಿ ಬೈದವನ ದರ್ಪವೇ ಮುಂದೆ ನಿಲ್ಲುತ್ತದೆ. ಉಳಿದಂತೆ ಈ ಗೆರೆ ಚೆನ್ನಾಗಿ ಕೆಲಸ ಮಾಡುತ್ತದೆ. ಟೈರೇಡ್ ‘ಆಡು’ ಮನೆತನದ್ದು. ಅದನ್ನು ಕನ್ನಡಕ್ಕೆ ತರುವಾಗ ‘ಒಂದೇ ಸಮನೆ ಕೂಗಾಡಿದರು’ ಎಂದರೆ ಮುಕ್ಕಾಲು ಪಾಲು ಬಂತು. ‘ಹರಿಹಾಯ್ದರು’ ಕೂಡ ನಡೆಯುತ್ತದೆ.

ಪದದ ಹುಟ್ಟು ನೋಡಿದರೆ ಉದ್ದದ ಗುಣ ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ. ಇಟಾಲಿಯನ್ ಭಾಷೆಯಲ್ಲಿ ತಿರಾರೆ ಎಂದರೆ ಎಳೆಯುವುದು. ಅಲ್ಲಿಂದ ಫ್ರೆಂಚಿಗೆ ಹೋಗಿ ಟಿರಾಡ್ ಆಯಿತು. ಫ್ರೆಂಚ್ ರಂಗಭೂಮಿಯಲ್ಲಿ ಒಂದೇ ಪಾತ್ರ ಒಂದೇ ಎಳೆತಕ್ಕೆ ಆಡುವ ಉದ್ದನೆಯ ಮಾತಿಗೆ ಈಗಲೂ ಅದೇ ಹೆಸರು. ಅದರಲ್ಲಿ ಸಿಟ್ಟು ಇರಲೇಬೇಕೆಂದಿಲ್ಲ, ಪ್ರೇಮವೂ ಇರಬಹುದು. 1800ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಸಿಟ್ಟು ಅಂಟಿಕೊಂಡಿತು. ಎರಡು ವಾಕ್ಯದ ಗದರಿಕೆಯನ್ನು ಟೈರೇಡ್ ಎನ್ನುವುದಕ್ಕಾಗುವುದಿಲ್ಲ ಎಂಬುದಕ್ಕೆ ಇದೇ ಕಾರಣ. ಎಷ್ಟೇ ಕಟುವಾಗಿರಲಿ, ಎಳೆತ ಬೇಕು.

ಇದರ ಪಕ್ಕದಲ್ಲೇ ಕೂರುವ ಡಯಟ್ರೈಬ್ ಹತ್ತಿರದ ನೆಂಟನಾದರೂ ಸ್ವಭಾವ ಬೇರೆ. ಗ್ರೀಕಿನಲ್ಲಿ ಅದರ ಬೇರು ಉಜ್ಜು, ತೇಯು ಎಂಬ ಅರ್ಥದ್ದು. ಕಾಲ ತೇಯುವುದು, ಅಂದರೆ ಕೂತು ಚರ್ಚೆ ಮಾಡುವುದು. ಮೊದಲು ಇಂಗ್ಲಿಷಿಗೆ ಬಂದಾಗಲೂ ವಿದ್ವಾಂಸರ ಪ್ರಬಂಧ ಎಂಬ ಮರ್ಯಾದಸ್ಥ ಅರ್ಥವೇ ಇತ್ತು. 19ನೇ ಶತಮಾನದ ಹೊಸ್ತಿಲಲ್ಲಿ ಅದು ಕಹಿಯಾಯಿತು. ಹಳೆಯ ಗುಣ ಪೂರ್ತಿ ಹೋಗಿಲ್ಲ: ಡಯಟ್ರೈಬ್‌ನಲ್ಲಿ ಒಂದು ವಾದ ಇರುತ್ತದೆ, ಬರವಣಿಗೆಯಲ್ಲೂ ಇರಬಹುದು, ಮೊದಲೇ ಯೋಚಿಸಿಕೊಂಡು ಬಂದಿರಬಹುದು. ಟೈರೇಡ್ ಉಕ್ಕಿ ಬರುತ್ತದೆ, ಡಯಟ್ರೈಬ್ ತೇದು ತೇದು ಬರುತ್ತದೆ. ಪತ್ರಿಕೆಯ ಅಂಕಣದಲ್ಲಿ ಒಬ್ಬರ ಮೇಲೆ ಸಾವಿರ ಪದ ಕಹಿ ಕಾರಿದ್ದರೆ ಅದು ಡಯಟ್ರೈಬ್.

ಹರ್ಯಾಂಗ್ ಎಂಬ ಪದದ ಸ್ಪೆಲಿಂಗ್ ನೋಡಿ ಹರಾಂಗ್ಯೂ ಎನ್ನುವವರಿದ್ದಾರೆ. ಕೊನೆಯ ಯು ಮತ್ತು ಇ ಬಾಯಿಗೆ ಬರಕೂಡದು, ಟಂಗ್ ಎನ್ನುವಾಗ ಬಾರದ ಹಾಗೆ. ಇದಕ್ಕೆ ಗುಂಪು ಬೇಕು, ಬಯಲು ಬೇಕು. ಹಳೆಯ ಇಟಾಲಿಯನ್‌ನಲ್ಲಿ ಸಾರ್ವಜನಿಕ ಸಭೆ ಸೇರುವ ಜಾಗಕ್ಕಿದ್ದ ಹೆಸರೇ ಇದರ ಮೂಲ ಎಂದು ಪದಮೂಲ ಬಲ್ಲವರ ಊಹೆ. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತಿದೆ: ಭಾಷಣ ಬಿಗಿದರು. ಕೇಳುವವರು ಎದ್ದು ಹೋಗುವ ಹಾಗಿಲ್ಲ, ಹೇಳುವವನು ನಿಲ್ಲಿಸುವ ಹಾಗೆ ಕಾಣುವುದಿಲ್ಲ. ವ್ಯಾಕರಣದ ಒಂದು ಕೀಲು ಇಲ್ಲಿದೆ. ಹರ್ಯಾಂಗ್ ಕ್ರಿಯಾಪದವೂ ಹೌದು, ನೇರವಾಗಿ ಜನರನ್ನು ಕರ್ಮವಾಗಿ ಹಿಡಿಯುತ್ತದೆ. ಟೈರೇಡ್, ಡಯಟ್ರೈಬ್ ಎರಡೂ ನಾಮಪದಗಳು. ಅವುಗಳ ಹಿಂದೆ ‘ಲಾಂಚ್’ ಅಥವಾ ‘ಡೆಲಿವರ್’ ಥರದ ಕ್ರಿಯಾಪದ, ಮುಂದೆ ‘ಅಗೇನ್‌ಸ್ಟ್’ ಬೇಕು. ‘ಹೀ ಟೈರೇಡೆಡ್ ಮಿ’ ಎಂದು ಬರೆದರೆ ವಾಕ್ಯ ಕುಂಟುತ್ತದೆ.

ರ್‍ಯಾಂಟ್ ಡಚ್ ಭಾಷೆಯಿಂದ ಬಂದದ್ದು, ಬಡಬಡಿಸು ಎಂಬ ಅರ್ಥದ್ದು. ಈಗ ಅದಕ್ಕೆ ಸಿಕ್ಕಿರುವ ವಿಶೇಷವೆಂದರೆ ತನ್ನ ಮಾತನ್ನೇ ತಾನು ರ್‍ಯಾಂಟ್ ಎಂದು ಕರೆದುಕೊಳ್ಳಬಹುದು: ‘ಕ್ಷಮಿಸಿ, ಸ್ವಲ್ಪ ರಂಪ ಮಾಡಿದೆ’ ಎನ್ನುವ ಹಾಗೆ. ತನ್ನದೇ ಮಾತನ್ನು ಡಯಟ್ರೈಬ್ ಎನ್ನುವವರು ಕಡಿಮೆ.

ಇನ್ನು ಹೆಸರು ಹೊತ್ತ ಎರಡು ಪದಗಳು. ಮೊದಲನೆಯದು ಫಿಲಿಪ್ಪಿಕ್. ಅಥೆನ್ಸಿನ ಡೆಮಾಸ್ತನೀಸ್ ಕ್ರಿ.ಪೂ. 351ರಲ್ಲಿ ಮ್ಯಾಸಿಡೋನಿಯಾದ ರಾಜ ಎರಡನೇ ಫಿಲಿಪ್‌ನ ವಿರುದ್ಧ ಭಾಷಣ ಶುರುಮಾಡಿದ. ಬೈಸಿಕೊಂಡವನ ಹೆಸರೇ ಬೈಗುಳಕ್ಕೆ ಅಂಟಿಕೊಂಡಿತು. ಮೂರು ಶತಮಾನ ಕಳೆದ ಮೇಲೆ ರೋಮಿನ ಸಿಸೆರೊ ಮಾರ್ಕ್ ಆಂಟನಿಯ ವಿರುದ್ಧ ಕ್ರಿ.ಪೂ. 44 ಮತ್ತು 43ರಲ್ಲಿ ರಚಿಸಿದ 14 ಭಾಷಣಗಳಿಗೂ ಅದೇ ಹೆಸರಾಯಿತು. ಬೆಲೆ ದೊಡ್ಡದಾಯಿತು. 43ರ ಡಿಸೆಂಬರ್ 7ರಂದು ಸಿಸೆರೊನನ್ನು ಕೊಂದು, ಅವನ ತಲೆಯನ್ನೂ ಬರೆದ ಕೈಯನ್ನೂ ಅವನು ಭಾಷಣ ಮಾಡುತ್ತಿದ್ದ ವೇದಿಕೆಯ ಮೇಲೆಯೇ ಪ್ರದರ್ಶನಕ್ಕಿಟ್ಟರು. ಹೀಗಾಗಿ ಫಿಲಿಪ್ಪಿಕ್ ಎನ್ನಬೇಕಾದರೆ ಎದುರಿಗೆ ಒಬ್ಬ ನಿರ್ದಿಷ್ಟ ವ್ಯಕ್ತಿ ಬೇಕು, ಅವನ ಕೈಯಲ್ಲಿ ಅಧಿಕಾರ ಇರಬೇಕು. ತಡವಾಗಿ ಬಂದ ಗುಮಾಸ್ತನನ್ನು ಬೈದದ್ದಕ್ಕೆ ಈ ಪದ ಬಳಸಿದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಎರಡನೆಯದು ಜೆರಿಮಯಾಡ್. ಬೈಬಲಿನ ಪ್ರವಾದಿ ಯೆರೆಮೀಯನಿಂದ ಬಂದದ್ದು. ಇಲ್ಲಿ ಹೆಸರು ಬೈದವನದು. ಇದರ ಗುರಿ ಒಬ್ಬ ವ್ಯಕ್ತಿಯಲ್ಲ, ಇಡೀ ಕಾಲ. ‘ಕಾಲ ಕೆಟ್ಟುಹೋಯಿತು, ಧರ್ಮ ಮುಳುಗಿತು, ಇನ್ನು ಉಳಿಗಾಲವಿಲ್ಲ’ ಎಂಬ ಧಾಟಿ. ಸಿಟ್ಟಿನಷ್ಟೇ ಅಳುವೂ ಇರುವುದರಿಂದ ಬೈಗುಳ ಎನ್ನುವುದಕ್ಕಿಂತ ಪ್ರಲಾಪ ಎಂದರೆ ಸರಿಹೋಗುತ್ತದೆ.

ಇಷ್ಟು ಹೊತ್ತು ಮಾತು ಒಂದು ಬಾಯಿಯದಾಯಿತು. ಟೀಕೆ ಮಳೆಯಂತೆ ಸುರಿದಾಗ ಇಂಗ್ಲಿಷ್ ನೇರವಾಗಿ ತೋಪುಖಾನೆಗೆ ಹೋಗುತ್ತದೆ: ಬ್ರಾಡ್‌ಸೈಡ್, ವಾಲಿ, ಸ್ಯಾಲ್ವೊ, ಫ್ಯೂಸಿಲೇಡ್, ಬರಾಜ್, ಫ್ಲ್ಯಾಕ್. ಇವೆಲ್ಲವನ್ನೂ ‘ವಾಗ್ದಾಳಿ’ ಎಂಬ ಒಂದೇ ಚೀಲಕ್ಕೆ ತುಂಬುವುದು ಪತ್ರಿಕೆಗಳ ರೂಢಿ. ಆದರೆ ಪ್ರತಿ ಆಯುಧಕ್ಕೂ ತನ್ನದೇ ಲಯವಿದೆ, ರೂಪಕದಲ್ಲೂ ಆ ಲಯ ಉಳಿದುಕೊಂಡಿದೆ.

ಬ್ರಾಡ್‌ಸೈಡ್ ತೆಗೆದುಕೊಳ್ಳಿ. ಹಾಯಿ ಹಡಗಿನ ಕಾಲದಲ್ಲಿ ತೋಪುಗಳು ಹಡಗಿನ ಎರಡೂ ಪಕ್ಕೆಗಳಲ್ಲಿ ಸಾಲಾಗಿ ಇರುತ್ತಿದ್ದವು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ಇದ್ದ ವಿಕ್ಟರಿ ಹಡಗಿನಲ್ಲಿ 104 ತೋಪುಗಳಿದ್ದವು, ಮುಖ್ಯವಾಗಿ ಮೂರು ಅಂತಸ್ತುಗಳಲ್ಲಿ. ಹಡಗನ್ನು ಅಡ್ಡ ತಿರುಗಿಸಿ ಒಂದು ಪಕ್ಕೆಯ ತೋಪುಗಳನ್ನೆಲ್ಲ ಒಟ್ಟಿಗೆ ಸಿಡಿಸಿದರೆ ಅದು ಬ್ರಾಡ್‌ಸೈಡ್. ಆಮೇಲೆ ಏನಾಗುತ್ತಿತ್ತು ಎಂಬುದು ಮುಖ್ಯ. ಹಿಮ್ಮೆಟ್ಟಿ ಬಂದ ತೋಪಿನ ಒಳಗೆ ಒದ್ದೆ ಕುಂಚ ಹಾಕಿ ಕಿಡಿ ಆರಿಸಬೇಕು, ಮದ್ದಿನ ಚೀಲ ತುರುಕಬೇಕು, ಗುಂಡು ಹಾಕಿ ಜಡಿಯಬೇಕು, ಹಗ್ಗ ಎಳೆದು ತೋಪನ್ನು ಕಿಂಡಿಗೆ ತರಬೇಕು. ಪಳಗಿದ ತಂಡಕ್ಕೂ ಒಂದೂವರೆ ನಿಮಿಷದ ಆಸುಪಾಸು ಹಿಡಿಯುತ್ತಿತ್ತು. ಹಾಗಾಗಿ ಬ್ರಾಡ್‌ಸೈಡ್ ಎಂದರೆ ಒಂದೇ ಸಲಕ್ಕೆ ಇದ್ದಬದ್ದದ್ದನ್ನೆಲ್ಲ ಹೊಡೆಯುವುದು, ಆಮೇಲೆ ಮೌನ. ರಾಜೀನಾಮೆ ಕೊಟ್ಟ ನಾಯಕನೊಬ್ಬ ಪಕ್ಷದ ವಿರುದ್ಧ ಎಂಟು ಪುಟದ ಬಹಿರಂಗ ಪತ್ರ ಬರೆದರೆ ಅದು ಅಚ್ಚುಕಟ್ಟಾದ ಬ್ರಾಡ್‌ಸೈಡ್. ದಿನವೂ ಟೀಕಿಸುತ್ತಿದ್ದರೆ ಅಲ್ಲ.

ಬರಾಜ್ ಇದಕ್ಕೆ ತದ್ವಿರುದ್ಧ. ನಮಗೆ ಬ್ಯಾರೇಜ್ ಎಂದರೆ ಮೊದಲು ನೆನಪಾಗುವುದು ಕೃಷ್ಣೆ, ಭೀಮೆಯರಿಗೆ ಅಡ್ಡಲಾಗಿ ಕಟ್ಟಿದ ಗೇಟುಗಳ ಸಾಲು: ಹಿಪ್ಪರಗಿ, ಸನ್ನತಿ, ಹಳ್ಳಿಹಳ್ಳಿಗಳ ಬ್ರಿಜ್ ಕಂ ಬ್ಯಾರೇಜ್. ಪದ ಒಂದೇ. ಫ್ರೆಂಚಿನಲ್ಲಿ ಅಡ್ಡಗಟ್ಟು ಎಂಬ ಕ್ರಿಯಾಪದದಿಂದ ಹುಟ್ಟಿದ್ದು, ಇಂಗ್ಲಿಷಿಗೆ ಮೊದಲು ಬಂದದ್ದೂ ನದಿಯ ಒಡ್ಡಾಗಿಯೇ. ಮೊದಲ ಮಹಾಯುದ್ಧದಲ್ಲಿ ಫಿರಂಗಿ ಗುಂಡುಗಳಿಂದಲೇ ಗೋಡೆ ಕಟ್ಟಿ ಶತ್ರು ದಾಟದಂತೆ ಮಾಡುವ ತಂತ್ರಕ್ಕೆ ಈ ಹೆಸರು ಬಿತ್ತು. ಇಲ್ಲಿ ಒಬ್ಬನಿಗೆ ಗುರಿಯಿಟ್ಟು ಹೊಡೆಯುವುದಕ್ಕಿಂತ ದಾರಿಯನ್ನೇ ಮುಚ್ಚುವುದು ಮುಖ್ಯ. ‘ಪ್ರಶ್ನೆಗಳ ಬರಾಜ್’ ಎಂದಾಗ ಒಂದೊಂದು ಪ್ರಶ್ನೆಯೂ ಚೂಪಾಗಿರಬೇಕಿಲ್ಲ, ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನದು ಬಂದಿರಬೇಕು. ಕನ್ನಡದಲ್ಲಿ ಸುರಿಮಳೆ ಎನ್ನುತ್ತೇವೆ. ಚೆನ್ನಾಗಿದೆ, ಆದರೆ ನಮ್ಮ ಸುರಿಮಳೆ ಹೊಗಳಿಕೆಗೂ ಸುರಿಯುತ್ತದೆ. ಇಂಗ್ಲಿಷಿನ ಬರಾಜ್ ಹೊಗಳಿಕೆಗೆ ಒಗ್ಗುವುದಿಲ್ಲ, ಅಲ್ಲಿ ಹೊಗಳಿಕೆಗೆ ಶವರ್ ಇದೆ. ಟೀಕೆಗಳ ಸುರಿಮಳೆಯನ್ನು ಕಣ್ಣುಮುಚ್ಚಿ ಶವರ್ ಎಂದು ಬರೆದರೆ ಓದುವವರಿಗೆ ಹೂಮಳೆಯ ನೆನಪಾದೀತು.

ವಾಲಿ ಎಂದರೆ ಒಟ್ಟಿಗೆ ಹಾರಿದ್ದು, ಕ್ಷಣಿಕ. ನಾಲ್ಕೈದು ಬೈಗುಳ ಒಂದರ ಮೇಲೊಂದು ಬಿದ್ದು ಮುಗಿದರೆ ವಾಲಿ. ಸ್ಯಾಲ್ವೊದ ಹುಟ್ಟು ತಮಾಷೆಯದು: ಲ್ಯಾಟಿನ್ನಿನಲ್ಲಿ ನಮಸ್ಕಾರ ಹೇಳುವ ಪದ, ಅಲ್ಲಿಂದ ಗೌರವದ ತೋಪು, ಕೊನೆಗೆ ದಾಳಿ. ಇವತ್ತಿಗೂ ಅದು ಹೆಚ್ಚಾಗಿ ಬರುವುದು ಜಗಳದ ಮೊದಲ ಏಟಾಗಿ. ಫ್ಲ್ಯಾಕ್ ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಪದವೊಂದರ ಸಂಕ್ಷೇಪ. ವಿಮಾನ ಹೊಡೆಯುವ ತೋಪಿಗೆ ಆ ಹೆಸರು. ಆ ಗುಂಡುಗಳು ವಿಮಾನಕ್ಕೆ ನೇರ ತಾಗುವುದಕ್ಕಿಂತ ಸುತ್ತಮುತ್ತ ಸಿಡಿದು ಚೂರು ಹಾರಿಸುತ್ತಿದ್ದವು. ಟೀಕೆ ಎಂಬ ಅರ್ಥ 1960ರ ದಶಕದಲ್ಲಿ ಗಟ್ಟಿಯಾಯಿತು. ದಿಕ್ಕು ಗಮನಿಸಿ: ಫ್ಲ್ಯಾಕ್ ಕೆಳಗಿನಿಂದ ಮೇಲಕ್ಕೆ ಹಾರುತ್ತದೆ. ಸರ್ಕಾರ, ಕಂಪನಿ, ಕ್ರಿಕೆಟ್ ತಂಡದ ನಾಯಕ ಹೀಗೆ ಎತ್ತರದಲ್ಲಿರುವವರಿಗೆ ಹಲವು ಕಡೆಯಿಂದ ಬರುತ್ತದೆ. ಇದಕ್ಕೆ ಬಹುವಚನವಿಲ್ಲ, ‘ಎ ಫ್ಲ್ಯಾಕ್’ ಎಂಬುದೂ ಇಲ್ಲ.

ಕೆಳಗಿನಿಂದ ಮೇಲಕ್ಕೆ ಫ್ಲ್ಯಾಕ್ ಆದರೆ ಮೇಲಿನಿಂದ ಕೆಳಕ್ಕೆ ರೆಪ್ರಿಮ್ಯಾಂಡ್. ಇಲ್ಲಿಂದ ಕುರ್ಚಿಯ ಪದಗಳು ಶುರು. ಚೈಡ್ ಮೆದು. ಅಡ್ಮಾನಿಶ್‌ನಲ್ಲಿ ಬುದ್ಧಿಮಾತಿನ ಪಾಲು ಹೆಚ್ಚು. ರೆಬ್ಯೂಕ್ ಚುರುಕು, ನೇರ. ರೆಪ್ರಿಮ್ಯಾಂಡ್‌ಗೆ ಬಂದರೆ ಕಡತ ತೆರೆದಿದೆ ಎಂದರ್ಥ. ಭಾರತದ 1950ರ ಸೇನಾ ಕಾಯ್ದೆಯಲ್ಲಿ ರೆಪ್ರಿಮ್ಯಾಂಡ್, ಸಿವಿಯರ್ ರೆಪ್ರಿಮ್ಯಾಂಡ್ ಎರಡೂ ಶಿಕ್ಷೆಗಳೇ. ಈ ಪದಗಳಲ್ಲಿ ಬೈದವನ ಸಿಟ್ಟು ಎಷ್ಟಿತ್ತು ಎಂಬುದು ಲೆಕ್ಕಕ್ಕಿಲ್ಲ, ತಣ್ಣಗೆ ಕೂತು ಸಹಿ ಹಾಕಿದರೂ ರೆಪ್ರಿಮ್ಯಾಂಡ್ ರೆಪ್ರಿಮ್ಯಾಂಡೇ. ಕೆಳಗಿನವನು ಮೇಲಿನವನಿಗೆ ರೆಪ್ರಿಮ್ಯಾಂಡ್ ಮಾಡುವುದು ಮಾತ್ರ ಸಾಧ್ಯವಿಲ್ಲ.

ಸೆನ್ಷರ್ ಎಂಬಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಲ್ಲಿ ತಪ್ಪು ಕನ್ನಡದ ಕಡೆಯಿಂದ ಆಗುತ್ತದೆ. ಕರ್ನಾಟಕ ಸಿವಿಲ್ ಸೇವಾ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು 1957ರಲ್ಲಿ ಸೆನ್ಷರ್ ಒಂದು ಲಘು ದಂಡನೆ. ಸರ್ಕಾರಿ ಆದೇಶಗಳು ಅದನ್ನು ವಾಗ್ದಂಡನೆ ಎಂದು ಕರೆಯುತ್ತವೆ. ಹೆಸರು ಕೇಳಿದರೆ ಬರೀ ಬೈದದ್ದು ಅನ್ನಿಸುತ್ತದೆ, ಅಲ್ಲ. ನೌಕರನ ವಿವರಣೆ ಕೇಳಿ, ಲಿಖಿತ ಆದೇಶವಾಗಿ ದಾಖಲೆಗೆ ಸೇರುವ ಶಿಕ್ಷೆ ಅದು. ಇನ್ನೊಂದು ಕಡೆ ಅಮೆರಿಕದ ಅಧ್ಯಕ್ಷರ ಇಂಪೀಚ್‌ಮೆಂಟಿಗೆ ಮಹಾಭಿಯೋಗ ಎಂಬ ಪದವಿದ್ದರೂ ನಮ್ಮ ಪತ್ರಿಕೆಗಳು ವಾಗ್ದಂಡನೆ ಎಂದೂ ಬರೆಯುತ್ತವೆ. ಒಂದೇ ಪದಕ್ಕೆ ಎರಡು ಹೊರೆ. ಇದರಿಂದಾಗುವ ಎಡವಟ್ಟನ್ನು ಇಬ್ಬರು ಅಧ್ಯಕ್ಷರ ಮೂಲಕ ನೋಡಬಹುದು. 1834ರಲ್ಲಿ ಸೆನೆಟ್ ಆಂಡ್ರ್ಯೂ ಜ್ಯಾಕ್ಸನ್‌ನನ್ನು ಸೆನ್ಷರ್ ಮಾಡಿತು. ಅದೊಂದು ಖಂಡನಾ ನಿರ್ಣಯ, ಹುದ್ದೆಗೆ ಏನೂ ಆಗಲಿಲ್ಲ. 1868ರಲ್ಲಿ ಆಂಡ್ರ್ಯೂ ಜಾನ್ಸನ್‌ನ ಇಂಪೀಚ್‌ಮೆಂಟ್ ನಡೆಯಿತು, ಒಂದೇ ಮತದ ಅಂತರದಲ್ಲಿ ಹುದ್ದೆ ಉಳಿಯಿತು. ಹೆಸರುಗಳೂ ಅಕ್ಕಪಕ್ಕದವು, ಕನ್ನಡದಲ್ಲಿ ಎರಡೂ ವಾಗ್ದಂಡನೆಯಾದರೆ ಓದುಗ ಏನು ಮಾಡಬೇಕು? ಅಂದಹಾಗೆ ಜ್ಯಾಕ್ಸನ್‌ನ ಬೆಂಬಲಿಗರು 1837ರ ಜನವರಿಯಲ್ಲಿ ಬಹುಮತ ಬಂದಾಗ ಮಾಡಿದ ಕೆಲಸ ನೋಡುವಂಥದ್ದು. ಸೆನೆಟ್ಟಿನ ಕಾರ್ಯದರ್ಶಿ ಹಳೆಯ ದಾಖಲೆ ಪುಸ್ತಕ ತರಿಸಿ, ಆ ಖಂಡನೆಯ ಸುತ್ತ ಕಪ್ಪು ಶಾಯಿಯ ಗೆರೆ ಎಳೆದು, ಸೆನೆಟ್ ಆದೇಶದಂತೆ ತೆಗೆದುಹಾಕಲಾಗಿದೆ ಎಂದು ಅದರ ಮೇಲೇ ಬರೆದ. ನಾಲಿಗೆಯ ಮಾತಾಗಿದ್ದರೆ ಗೆರೆ ಎಳೆಯಲು ಜಾಗವೇ ಇರುತ್ತಿರಲಿಲ್ಲ.

ಕಚೇರಿ, ಆಟದ ಮೈದಾನಗಳ ಪದಗಳು ಇನ್ನೂ ಬಿಡಿಬಿಡಿಯಾಗಿವೆ. ಡ್ರೆಸ್ಸಿಂಗ್ ಡೌನ್ ಎಂದರೆ ಮೇಲಿನವರು ಮುಖಕ್ಕೆ ಕೊಡುವ ಚೆನ್ನಾದ ಪಾಠ, ನಾಲ್ಕು ಜನರೆದುರು ಆದರೆ ಇನ್ನೂ ಪಕ್ವ. ಅದನ್ನೇ ಕ್ರಿಯಾಪದ ಮಾಡಿ ಕರ್ಮ ಬಿಟ್ಟರೆ ಸಾದಾ ಬಟ್ಟೆ ಹಾಕಿಕೊಂಡು ಬಂದರು ಎಂದಾಗುತ್ತದೆ. ಟಿಕ್ ಆಫ್ ಬ್ರಿಟನ್ನಿನಲ್ಲಿ ಬೈಯುವುದು, ಅಮೆರಿಕದಲ್ಲಿ ಸಿಟ್ಟು ಬರಿಸುವುದು. ‘ಟಿಕ್ಡ್ ಆಫ್’ ಆದವನು ಲಂಡನ್ನಿನಲ್ಲಿ ಬೈಸಿಕೊಂಡವನು, ನ್ಯೂಯಾರ್ಕಿನಲ್ಲಿ ಬೈಯಲು ಹೊರಟವನು. ಹೇರ್‌ಡ್ರೈಯರ್ ಟ್ರೀಟ್‌ಮೆಂಟ್ ಫುಟ್‌ಬಾಲಿನದು. 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ನಡೆಸಿದ ಅಲೆಕ್ಸ್ ಫರ್ಗ್ಯುಸನ್ ಆಟಗಾರರ ಮುಖಕ್ಕೆ ಮುಖವಿಟ್ಟು ಕೂಗುತ್ತಿದ್ದ ಪರಿಗೆ ಅಂಟಿದ ಹೆಸರು. ಬಿಸಿಗಾಳಿಗೆ ಕೂದಲು ಹಿಂದಕ್ಕೆ ಹಾರುವ ಚಿತ್ರ.

ರೀಡ್ ದ ರಯಟ್ ಆಕ್ಟ್ ಎಂಬುದನ್ನು ತುಂಬಾ ಜನ ಸುಮ್ಮನೆ ಬೈಯುವುದು ಎಂದುಕೊಂಡಿದ್ದಾರೆ. 1715ರ ಆಗಸ್ಟ್ 1ರಿಂದ ಜಾರಿಗೆ ಬಂದ ಬ್ರಿಟಿಷ್ ಕಾಯ್ದೆ ಅದು. ಹನ್ನೆರಡು ಅಥವಾ ಹೆಚ್ಚು ಜನ ಗಲಭೆಗೆ ಸೇರಿದ್ದರೆ ಮ್ಯಾಜಿಸ್ಟ್ರೇಟ್ ಬಂದು ಗೊತ್ತಾದ ಒಂದು ಘೋಷಣೆಯನ್ನು ಗಟ್ಟಿಯಾಗಿ ಓದಬೇಕು, ಕೊನೆಗೆ ದೇವರು ರಾಜನನ್ನು ಕಾಪಾಡಲಿ ಎಂಬುದೂ ಸೇರಿ. ಓದಿದ ಮೇಲೆ ಒಂದು ಗಂಟೆ ಕಾಲಾವಕಾಶ. ಅಷ್ಟರಲ್ಲಿ ಚದುರದಿದ್ದರೆ ಮರಣದಂಡನೆಯವರೆಗೆ ಹೋಗುವ ಅಪರಾಧ. (ನಮ್ಮ ಕಾನೂನಿನಲ್ಲಿ ಅಕ್ರಮ ಕೂಟ ಎನಿಸಿಕೊಳ್ಳಲು ಐದು ಜನ ಸಾಕು.) ನುಡಿಗಟ್ಟಿನ ಜೀವ ಆ ಒಂದು ಗಂಟೆಯಲ್ಲಿದೆ. ಆದದ್ದಕ್ಕೆ ಬೈದು ಸುಮ್ಮನಾದರೆ ಅದು ರಯಟ್ ಆಕ್ಟ್ ಅಲ್ಲ. ‘ಇನ್ನೊಂದು ಸಲ ಹೀಗಾದರೆ ನೋಡು’ ಎಂಬ ಗಡುವು ಇರಬೇಕು.

ಇನ್ನು ಎಲ್ಲರಿಗೂ ಗೊತ್ತಿರುವ ಸ್ಕೋಲ್ಡ್. ಇದರ ಹಿಂದಿನದು ಅಷ್ಟು ಸಾಧುವಲ್ಲ. ಹಳೆಯ ನಾರ್ಸ್ ಭಾಷೆಯಲ್ಲಿ ಕವಿಗೆ ಸ್ಕಾಲ್ಡ್ ಎನ್ನುತ್ತಿದ್ದರು. ಅಣಕದ ಪದ್ಯ ಕಟ್ಟಿ ಮಾನ ಕಳೆಯುವ ಶಕ್ತಿ ಕವಿಗಿದ್ದುದರಿಂದ ಬೈಯುವವರಿಗೆ ಆ ಹೆಸರು ಬಂದಿರಬೇಕೆಂಬುದು ಹೆಚ್ಚಿನ ಪದಮೂಲಕಾರರ ಅಭಿಪ್ರಾಯ. ಇಂಗ್ಲೆಂಡಿನ ಕಾನೂನಿನಲ್ಲಿ ‘ಕಾಮನ್ ಸ್ಕೋಲ್ಡ್’ ಎಂಬ ಅಪರಾಧವೇ ಇತ್ತು: ನೆರೆಹೊರೆಯವರ ನೆಮ್ಮದಿ ಕೆಡಿಸುವ ಜಗಳಗಂಟಿ. ಹೆಂಗಸರಿಗೆ ಮಾತ್ರ ಅನ್ವಯ! ಶಿಕ್ಷೆಗೆ ಉದ್ದನೆಯ ತೊಲೆಯ ತುದಿಗೆ ಕಟ್ಟಿದ ಕುರ್ಚಿಯಲ್ಲಿ ಕೂರಿಸಿ ಕೆರೆಗೋ ಹೊಳೆಗೋ ಅದ್ದುತ್ತಿದ್ದರು. 1809ರಲ್ಲೂ ಲೆಮ್‌ಸ್ಟರ್ ಎಂಬ ಊರಿನಲ್ಲಿ ಒಬ್ಬಳನ್ನು ಹೀಗೆ ಅದ್ದಿದರು, ಆ ಕುರ್ಚಿ ಅಲ್ಲಿನ ಚರ್ಚಿನಲ್ಲಿ ಉಳಿದಿದೆ. 1829ರಲ್ಲಿ ವಾಷಿಂಗ್ಟನ್ನಿನಲ್ಲಿ ಆನ್ ರಾಯಲ್ ಎಂಬ ಲೇಖಕಿಯ ಮೇಲೂ ಇದೇ ಆರೋಪ ಸಾಬೀತಾಗಿ 10 ಡಾಲರ್ ದಂಡ ಬಿತ್ತು. ಇಂಗ್ಲೆಂಡಿನಲ್ಲಿ ಈ ಅಪರಾಧ ರದ್ದಾದದ್ದು 1967ರಲ್ಲಿ. ಈ ಇತಿಹಾಸದ ನೆರಳು ಪದದ ಮೇಲಿದೆ: ಬ್ರಿಟಿಷರ ಕಿವಿಗೆ ಸ್ಕೋಲ್ಡ್ ಎಂದರೆ ತಾಯಿ ಮಗುವನ್ನು, ಯಜಮಾನ ನಾಯಿಯನ್ನು ಗದರುವುದು. ‘ಮ್ಯಾನೇಜರ್ ಸ್ಕೋಲ್ಡೆಡ್ ಮಿ’ ಎಂದರೆ ಹೇಳಿದವನು ನಿಕ್ಕರ್ ಹಾಕಿ ನಿಂತಂತೆ ಕಾಣುತ್ತದೆ. ಹೈಕೋರ್ಟಂತೂ ಯಾರನ್ನೂ ಸ್ಕೋಲ್ಡ್ ಮಾಡುವುದಿಲ್ಲ. ನಮ್ಮ ಪತ್ರಿಕೆಗಳ ‘ಹೈಕೋರ್ಟ್ ಛೀಮಾರಿ’ಗೆ ರೆಬ್ಯೂಕ್, ಆದೇಶದಲ್ಲೇ ಬರೆದಿದ್ದರೆ ಸ್ಟ್ರಿಕ್ಚರ್ಸ್.

ಹೆಂಗಸರ ಬಾಯಿಯ ಮೇಲೆ ಹೊರಿಸಿದ ಇನ್ನೊಂದು ಪದ ಬಿಲ್ಲಿಂಗ್ಸ್‌ಗೇಟ್. ಲಂಡನ್ನಿನ ಮೀನು ಮಾರುಕಟ್ಟೆ. ಅಲ್ಲಿನ ಮೀನು ಮಾರುವವರ ಮಾತು ಎಷ್ಟು ಪ್ರಸಿದ್ಧವಾಯಿತೆಂದರೆ 17ನೇ ಶತಮಾನದಿಂದಲೇ ಮಾರುಕಟ್ಟೆಯ ಹೆಸರು ಬೈಗುಳದ ಹೆಸರಾಯಿತು. 1982ರಲ್ಲಿ ಮಾರುಕಟ್ಟೆ ಜಾಗ ಬದಲಿಸಿತು, ಪದ ನಿಘಂಟಿನಲ್ಲಿ ಹಾಗೇ ಉಳಿಯಿತು. ಇವತ್ತು ಯಾರೂ ಮಾತಿನಲ್ಲಿ ಬಳಸುವುದಿಲ್ಲ, ಪದಬಂಧದವರಿಗೆ ಬಿಟ್ಟುಬಿಡಿ.

ಚರ್ಮದ ಪದಗಳನ್ನೂ ಹೇಳಿಬಿಡೋಣ. ಎಕ್ಸ್‌ಕೋರಿಯೇಟ್ ಎಂದರೆ ಲ್ಯಾಟಿನ್ ಪ್ರಕಾರ ತೊಗಲು ಕಿತ್ತದ್ದು. ವೈದ್ಯರ ವರದಿಯಲ್ಲಿ ಎಕ್ಸ್‌ಕೋರಿಯೇಶನ್ ಅಂದರೆ ಇಂದಿಗೂ ತರಚಿದ ಗಾಯ. ಫ್ಲೇ ಎಂದರೂ ಸುಲಿಯುವುದೇ, ವಿರೋಧ ಪಕ್ಷದವರು ಸರ್ಕಾರವನ್ನು ಫ್ಲೇ ಮಾಡದ ದಿನ ಭಾರತದ ಇಂಗ್ಲಿಷ್ ಪತ್ರಿಕೆಗಳಿಗೆ ಪುಟ ತುಂಬುವುದಿಲ್ಲ. ಅತಿ ಬಳಕೆಯಿಂದ ಚೂಪು ಹೋಗಿದೆ. ಲ್ಯಾಂಬೇಸ್ಟ್ ಒಳಗೆ ಎರಡು ಹೊಡೆತಗಳಿವೆ, ಎರಡೂ ತುಂಡುಗಳಿಗೆ ಬಾರಿಸು ಎಂದೇ ಅರ್ಥ. ಕೊನೆಗೆ ಇ ಅಕ್ಷರ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಬೆರೇಟ್‌ನಲ್ಲಿ ಹೊತ್ತು, ಸದ್ದು, ವೈಯಕ್ತಿಕ ಅವಮಾನ ಮೂರೂ ಇವೆ, ಓದುವವರ ಸಹಾನುಭೂತಿ ಮೆಲ್ಲಗೆ ಬೈಸಿಕೊಂಡವನ ಕಡೆ ಸರಿಯುತ್ತದೆ. ಇನ್ವೆಕ್ಟಿವ್ ಎಂಬುದು ಬೈಗುಳವೆಂಬ ಸರಕು, ಫ್ಲ್ಯಾಕ್‌ನ ಹಾಗೆಯೇ ಎಣಿಕೆಗೆ ಸಿಗುವುದಿಲ್ಲ, ‘ಇನ್ವೆಕ್ಟಿವ್ಸ್’ ನಮ್ಮ ಕಡೆಯ ರೂಢಿ. ಪೊಲೀಸ್ ದೂರಿನ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂಬುದಕ್ಕೆ ಈ ಯಾವುದೂ ಬೇಡ. ಭಾರತೀಯ ದಂಡ ಸಂಹಿತೆಯ 504ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 352, ನೋಡುವುದು ಬೇಕೆಂದೇ ಮಾಡಿದ ಅಪಮಾನವನ್ನು, ಮಾತಿನ ಉದ್ದವನ್ನಲ್ಲ. ಅದರ ಪಕ್ಕದಲ್ಲೇ ‘ವಾಚಾಮಗೋಚರವಾಗಿ ಬೈದರು’ ಎಂಬ ನಮ್ಮ ಪ್ರಯೋಗವಿದೆ. ಮಾತಿಗೆ ನಿಲುಕದ ಪರಬ್ರಹ್ಮಕ್ಕೆ ಹೇಳುತ್ತಿದ್ದ ಪದ ಹಾಳು ಬೈಗುಳಕ್ಕೆ ಇಳಿದದ್ದು ನೋಡಿದರೆ ಡಯಟ್ರೈಬ್‌ನ ಪಾಡು ಎಷ್ಟೋ ವಾಸಿ.

ಬೆಂಗಳೂರಿನ ಕಚೇರಿಗಳಿಗೆ ಒಂದು ಎಚ್ಚರಿಕೆ. ‘ಬಾಸ್ ಫೈರ್ ಮಾಡಿದ್ರು’ ಎಂದರೆ ಇಲ್ಲಿ ಚೆನ್ನಾಗಿ ಬೈದರು ಎಂದು. ಅದೇ ಮಾತನ್ನು ಹೊರದೇಶದ ಸಹೋದ್ಯೋಗಿಗೆ ಇಂಗ್ಲಿಷಿನಲ್ಲಿ ಬರೆದರೆ ಅವರು ನಿಮಗೆ ಬೇರೆ ಕೆಲಸ ಹುಡುಕಿಕೊಡಲು ಹೊರಡುತ್ತಾರೆ. ‘ಕ್ಲಾಸ್ ತಗೊಂಡ್ರು’ ಎಂಬುದನ್ನು ಪದಶಃ ಬರೆದರೆ ತರಬೇತಿ ನಡೆಯಿತು ಎಂದುಕೊಳ್ಳುತ್ತಾರೆ.

ಈಗ ಕೆಡಿಪಿ ಸಭೆಗೆ ವಾಪಸ್ ಹೋಗೋಣ. ಕಾಮಗಾರಿ ಮುಗಿದಿಲ್ಲ, ಅಧಿಕಾರಿಯ ಬಳಿ ಅಂಕಿಅಂಶ ಇಲ್ಲ, ಸಚಿವರು ಕೇಳಿದರು. ಇದಕ್ಕೆ ‘ಟುಕ್ ಟು ಟಾಸ್ಕ್’ ಸರಿಯಾದ ಜೋಡಿ, ‘ತೆಗೆದುಕೊ’ ಎಂಬುದು ಸಹ ಎರಡೂ ಕಡೆ ಇದೆ. ಪತ್ರಿಕೆಗೆ ಚಿಕ್ಕದಾಗಿ ಬೇಕಿದ್ದರೆ ‘ಪುಲ್ಡ್ ಅಪ್’. ಎಲ್ಲರೆದುರು ಎದ್ದು ನಿಲ್ಲಿಸಿ ಮುಖ ಕೆಂಪಾಗುವಂತೆ ಮಾಡಿದ್ದರೆ ಡ್ರೆಸ್ಸಿಂಗ್ ಡೌನ್. ಹತ್ತು ನಿಮಿಷ ಬಿಡದೆ, ‘ನಿನಗೆ ಕೆಲಸ ಕೊಟ್ಟವರಾರು’ ಎಂಬಲ್ಲಿಗೆ ಹೋಗಿದ್ದರೆ ಬೆರೇಟೆಡ್. ತಿಂಗಳೊಳಗೆ ಮುಗಿಸದಿದ್ದರೆ ಅಮಾನತು ಎಂದಿದ್ದರೆ ರಯಟ್ ಆಕ್ಟ್. ಸಭೆಯ ನಡಾವಳಿಯಲ್ಲಿ ಬರೆಸಿ ಲಿಖಿತ ಆದೇಶ ಹೊರಡಿಸಿದ್ದರೆ ಮಾತ್ರ ರೆಪ್ರಿಮ್ಯಾಂಡ್. ಅಧಿಕಾರಿಯನ್ನು ಬಿಟ್ಟು ಹಿಂದಿನ ಸರ್ಕಾರ, ವಿರೋಧ ಪಕ್ಷ, ಮಾಧ್ಯಮ ಎಲ್ಲದರ ಮೇಲೂ ಹರಿಹಾಯ್ದಿದ್ದರೆ, ಆಗ ಧಾರಾಳವಾಗಿ ಟೈರೇಡ್ ಎನ್ನಿ. ಬರೆದದ್ದು ವರದಿಯಲ್ಲ, ನಿಮ್ಮ ಅಭಿಪ್ರಾಯ ಎಂಬುದು ನೆನಪಿರಲಿ.

ಕೊನೆಗೆ ಸಾಮಾನ್ಯವಾಗಿ ಬರುವ ಒಂದು ಪ್ರಶ್ನೆ: ನಮ್ಮ ‘ಮಂಗಳಾರತಿ’ಗೆ ಇಂಗ್ಲಿಷಿನಲ್ಲಿ ಏನು? ಅವರ ಬೈಗುಳ ಯುದ್ಧಭೂಮಿಯಿಂದ ಬಂದರೆ ನಮ್ಮದು ಗರ್ಭಗುಡಿಯಿಂದ ಬರುತ್ತದೆ: ಮಂಗಳಾರತಿ, ಸಹಸ್ರನಾಮಾರ್ಚನೆ, ಅಭಿಷೇಕ. ಆ ವ್ಯಂಗ್ಯವನ್ನು ಹಾಗೇ ಎತ್ತಿ ಒಯ್ಯಲು ಆಗುವುದಿಲ್ಲ. ಹತ್ತಿರ ಬರುವುದು ‘ಗುಡ್’ ಎಂಬ ಸಣ್ಣ ಪದ. ಎ ಗುಡ್ ಟಾಕಿಂಗ್ ಟು, ಎ ಗುಡ್ ಟೆಲಿಂಗ್ ಆಫ್ ಎನ್ನುತ್ತಾರೆ. ಅಲ್ಲಿ ಗುಡ್ ಎಂದರೆ ಒಳ್ಳೆಯದಲ್ಲ, ಧಾರಾಳವಾದದ್ದು, ಕಮ್ಮಿ ಬೀಳದ್ದು. ನಾವು ‘ಚೆನ್ನಾಗಿ ಬಿತ್ತು’ ಎನ್ನುವಾಗಿನ ಚೆನ್ನಾಗಿಯೇ ಅದು.